ಭೀಮೆಯ ಕಲ್ಲಿಗೆ ಯಾವ ಮನೆ?

ಕಲಬುರಗಿ ಸೀಮೆಯ ಹಳೆಯ ಮನೆಗಳಲ್ಲಿ ನೆಲಕ್ಕೆ ಹಾಸಿರುವುದು ಹೆಚ್ಚಾಗಿ ಶಹಾಬಾದಿನ ಫರಸಿ. ಆಳಂದದ ಅಂಗಡಿಯಿರಲಿ, ಅಫಜಲಪುರದ ಗುಡಿಯ ಅಂಗಳವಿರಲಿ, ಜೇವರ್ಗಿಯ ಶಾಲೆಯ ಪಡಸಾಲೆಯಿರಲಿ, ಕಾಲಿಗೆ ತಾಗುವುದು ಈ ಬೂದು ಬಣ್ಣದ ನುಣುಪು ಕಲ್ಲು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ನೀರು ಚಿಮುಕಿಸಿ ಅದರ ಮೇಲೆ ಅಡ್ಡಾಗುವುದು ಇಲ್ಲಿನವರ ರೂಢಿ. ಬೆನ್ನಿಗೆ ತಂಪು ಕೊಡುವ ಈ ಕಲ್ಲಿನ ವಯಸ್ಸೆಷ್ಟು, ಅದು ಹುಟ್ಟಿದ್ದು ಎಲ್ಲಿ ಎಂದು ಯೋಚಿಸುವವರು ಕಡಿಮೆ.

ಇದೇ ಭೀಮಾ ಸೀಮೆಯ ಸುಣ್ಣಕಲ್ಲನ್ನು ಒಡೆದು ಸುಮಾರು ಹನ್ನೆರಡು ಲಕ್ಷ ವರ್ಷಗಳ ಹಿಂದೆ ಆದಿಮಾನವ ಕೊಡಲಿ ಮಾಡಿಕೊಂಡ. ಎರಡು ಸಾವಿರ ವರ್ಷಗಳ ಹಿಂದೆ ಇದೇ ಸುಣ್ಣಕಲ್ಲಿನ ಹಲಗೆಗಳ ಮೇಲೆ ಶಿಲ್ಪಿಗಳು ಸಾಮ್ರಾಟ ಅಶೋಕನ ರೂಪವನ್ನು ಕಡೆದರು. ನಮ್ಮ ಕಾಲದವರು ಅದನ್ನೇ ಗಣಿಯಿಂದ ತೆಗೆದು ನೆಲಕ್ಕೆ ಹಾಸಿದರು. ಆದರೆ ಈ ಮೂರನ್ನೂ ಒಂದೇ ಸೂರಿನಡಿ ಇಟ್ಟು 'ನೋಡಿ, ಇದು ನಿಮ್ಮ ನೆಲದ ಕಥೆ' ಎಂದು ತೋರಿಸುವ ಮನೆ ಈ ಸೀಮೆಯಲ್ಲಿಲ್ಲ. ಕಲ್ಲಿನ ಕಥೆ ಭೂವಿಜ್ಞಾನಿಗಳ ಕಪಾಟಿಗೆ, ಕೊಡಲಿಯ ಕಥೆ ಪುಣೆಯ ವಿದ್ವಾಂಸರ ವರದಿಗೆ, ಶಿಲ್ಪದ ಕಥೆ ಪುರಾತತ್ವ ಇಲಾಖೆಗೆ ಹಂಚಿಹೋಗಿದೆ.

ಹೀಗೇಕಾಯಿತು? ಉತ್ತರ ಹುಡುಕಬೇಕಾದರೆ ನಿಸರ್ಗ ಇತಿಹಾಸದ ವಸ್ತು ಸಂಗ್ರಹಾಲಯಗಳು ಹುಟ್ಟಿದ ಬಗೆಯನ್ನೂ ಅವುಗಳಿಗಾಗಿ ಕಟ್ಟಿದ ಕಟ್ಟಡಗಳ ಇತಿಹಾಸವನ್ನೂ ನೋಡಬೇಕು. ಆ ಕಥೆ ಲಂಡನ್ ನಗರದಿಂದ ಕೋಲ್ಕತ್ತಕ್ಕೆ, ಅಲ್ಲಿಂದ ಮದ್ರಾಸು, ಬೆಂಗಳೂರುಗಳಿಗೆ ಬಂದು, ಕೊನೆಗೆ ಕಲಬುರಗಿಯ ಎರಡು ಗುಮ್ಮಟಗಳ ಮುಂದೆ ನಿಲ್ಲುತ್ತದೆ.

ನೆಲದ ಪದರಗಳು

ಮೊದಲು ಈ ನೆಲದ ಪರಿಚಯ ಮಾಡಿಕೊಳ್ಳೋಣ. ಆಳಂದದ ಕಡೆ ಬಾವಿ ತೋಡಿದರೆ ಮೇಲೆ ಕಪ್ಪು ಎರೆಮಣ್ಣು, ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ ಕರಿಯ ಗಟ್ಟಿ ಬಂಡೆ ಸಿಗುತ್ತದೆ. ಈ ಕರಿಬಂಡೆಯೇ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರುಕುಬಿಟ್ಟು ಲಾವಾರಸ ಪದರ ಪದರವಾಗಿ ಹರಿದು ಇಂದಿನ ಮಹಾರಾಷ್ಟ್ರದ ಬಹುಭಾಗವನ್ನೂ ಉತ್ತರ ಕರ್ನಾಟಕದ ಅಂಚನ್ನೂ ಮುಚ್ಚಿತು. ಡೈನೋಸಾರ್‌ಗಳು ಭೂಮಿಯಿಂದ ಮರೆಯಾದ ಕಾಲವೂ ಅದೇ. ಆ ಲಾವಾ ತಣಿದು ಕಲ್ಲಾಗಿ, ಕಲ್ಲು ಮಳೆ-ಬಿಸಿಲಿಗೆ ಪುಡಿಯಾಗಿ ಆದದ್ದೇ ಎರೆ ಭೂಮಿ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಬೇರುಗಳು ಈ ಮಣ್ಣಿನಲ್ಲೇ ಇಳಿದಿವೆ.

ಆಳಂದದಿಂದ ಪೂರ್ವಕ್ಕೂ ದಕ್ಷಿಣಕ್ಕೂ ಬಂದಂತೆ ಈ ಕರಿಬಂಡೆಯ ಹೊದಿಕೆ ತೆಳುವಾಗಿ ಅದರ ಅಡಿಯಿಂದ ಸುಣ್ಣಕಲ್ಲು ತಲೆ ಎತ್ತುತ್ತದೆ. ಇದು ಬಸಾಲ್ಟಿಗಿಂತ ಬಹಳ ಹಳೆಯದು. ಹಲವು ಹತ್ತು ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಕಡಲಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರಗಟ್ಟಿ ಕೂತು ಕಲ್ಲಾಯಿತು. ಹಾಳೆ ಬಿಡಿಸಿದಂತೆ ಫರಸಿ ಕಲ್ಲು ಚಪ್ಪಡಿ ಚಪ್ಪಡಿಯಾಗಿ ಏಳುವುದಕ್ಕೆ ಈ ಪದರಗಳೇ ಕಾರಣ. 1870ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್, ರಾಬರ್ಟ್ ಬ್ರೂಸ್ ಫುಟ್ ಮೊದಲಾದವರು ಈ ಬಂಡೆಗಳನ್ನು ವಿವರಿಸಿ ವರದಿ ಬರೆದರು. ಭೂವಿಜ್ಞಾನದ ಪುಸ್ತಕಗಳಲ್ಲಿ ಈ ಶಿಲಾಸಮೂಹಕ್ಕೆ ಭೀಮಾ ನದಿಯ ಹೆಸರೇ ಉಳಿದಿದೆ.

ಈ ಎರಡು ಕಲ್ಲುಗಳ ನಡುವೆ ಭೀಮೆ ಹರಿಯುತ್ತಾಳೆ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಆಳಂದದಿಂದ ಬರುವ ಅಮರ್ಜೆಯನ್ನು ಕೂಡಿಕೊಂಡು, ಜೇವರ್ಗಿಯನ್ನು ಬಳಸಿ ಸನ್ನತಿಯತ್ತ ಸಾಗುತ್ತಾಳೆ. ಮೂರು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿರುವುದು ಈ ಹೊಳೆ.

ಜೇವರ್ಗಿಯ ನೆಲ ಸೀಳಿದ ಸಾಹೇಬ

ಈ ನೆಲದ ಹಳೆಯ ಕಥೆಯನ್ನು ಮೊದಲು ಅಗೆದು ನೋಡಿದವರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಮುಖ್ಯರು. 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಅವರು ಹದಿನಾರರ ಹರೆಯದಲ್ಲೇ ಭಾರತಕ್ಕೆ ಬಂದು ನಿಜಾಮರ ಸೇವೆಗೆ ಸೇರಿದರು. ಠಗ್ಗರ ಬಗ್ಗೆ 1839ರಲ್ಲಿ ಬರೆದ ಕಾದಂಬರಿಯಿಂದ ಇಂಗ್ಲೆಂಡಿನಲ್ಲೂ ಹೆಸರಾದರು. 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡರು. ಸುರಪುರದ ಗುಡ್ಡದ ಮೇಲೆ ಅವರು ಕಟ್ಟಿಸಿದ ಬಂಗಲೆಯನ್ನು ಜನ ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ.

ಕಂದಾಯ, ನ್ಯಾಯ, ಕೆರೆಕಟ್ಟೆ ಎಂದು ಓಡಾಡುವಾಗ ಟೇಲರ್ ಕಣ್ಣಿಗೆ ಹೊಲಗಳ ನಡುವಿನ ವಿಚಿತ್ರ ಕಲ್ಲುಗಳು ಬಿದ್ದವು. ದುಂಡಾಗಿ ಜೋಡಿಸಿದ ಗುಂಡುಗಳು, ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಮನೆಯಂಥ ರಚನೆಗಳು, ಸಾಲು ಸಾಲಾಗಿ ನೆಟ್ಟ ಬಂಡೆಗಳು. ರಾಜನಕೋಳೂರು, ವಿಭೂತಿಹಳ್ಳಿ ಮೊದಲಾದ ಕಡೆ ಅವನ್ನು ಗುರುತಿಸಿದ ಅವರು ಭೀಮಾ ದಂಡೆಯ ಜೇವರ್ಗಿಯಲ್ಲಿ ಕಲ್ಲು ವೃತ್ತಗಳನ್ನು ಅಗೆಸಿಯೇ ನೋಡಿದರು. ಒಳಗೆ ಮನುಷ್ಯರ ಎಲುಬುಗಳು, ಮಣ್ಣಿನ ಮಡಕೆಗಳು, ಕಬ್ಬಿಣದ ಆಯುಧಗಳು ಸಿಕ್ಕವು. ರುಂಡ ಒಂದು ಕಡೆ, ಮುಂಡ ಒಂದು ಕಡೆ ಇದ್ದುದನ್ನೂ ಕಂಡು ಅವರು ಬೆರಗಾದರು. ಇವು ಕಬ್ಬಿಣ ಯುಗದ ಬೃಹತ್ ಶಿಲಾ ಸಮಾಧಿಗಳು ಎಂಬುದು ಇಂದು ತಿಳಿದಿರುವ ಸಂಗತಿ. ಟೇಲರ್ ಕಾಲದಲ್ಲಿ ಆ ಹೆಸರು ಇರಲಿಲ್ಲ. ಯುರೋಪಿನ ಪ್ರಾಚೀನ ಜನಾಂಗಗಳಿಗೂ ಇವಕ್ಕೂ ನಂಟಿರಬೇಕೆಂದು ಅವರು ಊಹಿಸಿದ್ದರು. ಆ ಊಹೆ ನಿಲ್ಲಲಿಲ್ಲ.

ನಿಂತದ್ದು ಅವರ ಚಿತ್ರಗಳು. ಬಾವಿಯ ಗೋಡೆಯಲ್ಲಿ ಮಣ್ಣಿನ ಪದರಗಳು ಕಾಣುವಂತೆ, ಸಮಾಧಿಯನ್ನು ಮೇಲಿನಿಂದ ಕೆಳಕ್ಕೆ ಸೀಳಿ ಯಾವ ಪದರದಲ್ಲಿ ಏನಿತ್ತು ಎಂದು ಟೇಲರ್ ಬರೆದು ತೋರಿಸಿದರು. ಭೂವಿಜ್ಞಾನಿಗಳು ಬಂಡೆಯ ಪದರಗಳನ್ನು ಓದುವ ಕ್ರಮವಿದು. ಅದನ್ನು ಮನುಷ್ಯನ ಇತಿಹಾಸಕ್ಕೂ ಅನ್ವಯಿಸಿದ್ದು ಆ ಕಾಲಕ್ಕೆ ಹೊಸದು. ಒಂದು ಶತಮಾನದ ನಂತರ, ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ 1954ರಲ್ಲಿ ಉತ್ಖನನ ವಿಧಾನದ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಟೇಲರ್ ಅವರ ಈ ಕೆಲಸವನ್ನು ಮೆಚ್ಚಿ ನೆನೆದರು. ಟೇಲರ್ ಲೇಖನಗಳು ಮೊದಲು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲೂ ನಂತರ ಐರ್ಲೆಂಡಿನ ರಾಯಲ್ ಅಕಾಡೆಮಿಯ ಪತ್ರಿಕೆಯಲ್ಲೂ ಅಚ್ಚಾದವು. 1941ರಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ಅವನ್ನು ಪುಸ್ತಕವಾಗಿ ತಂದಿತು.

ಜೇವರ್ಗಿಯ ಹೆಸರು ಹೀಗೆ ಮುಂಬಯಿ, ಡಬ್ಲಿನ್, ಹೈದರಾಬಾದುಗಳ ಗ್ರಂಥಾಲಯಗಳನ್ನು ಸೇರಿತು. ಜೇವರ್ಗಿಯಲ್ಲಿ ಅದನ್ನು ಹೇಳುವ ಮನೆಯೊಂದು ಮೇಲೇಳಲಿಲ್ಲ.

ಲಂಡನ್ನಿನಲ್ಲಿ ಎರಡಾದ ಮನೆ

ಟೇಲರ್ ಜೇವರ್ಗಿಯಲ್ಲಿ ಅಗೆಯುತ್ತಿದ್ದ ಕಾಲದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಎಲ್ಲವೂ ಒಂದೇ ಮನೆಯಲ್ಲಿತ್ತು. ಹ್ಯಾನ್ಸ್ ಸ್ಲೋನ್ ಎಂಬ ವೈದ್ಯರು ಬದುಕಿನುದ್ದಕ್ಕೂ ಕೂಡಿಟ್ಟ 71 ಸಾವಿರಕ್ಕೂ ಹೆಚ್ಚು ವಸ್ತುಗಳೇ ಆ ಸಂಗ್ರಹಾಲಯದ ಬಂಡವಾಳ. 1753ರಲ್ಲಿ ಅವರು ತೀರಿಕೊಂಡ ಮೇಲೆ ಪಾರ್ಲಿಮೆಂಟು ಕಾನೂನು ಮಾಡಿ, ಲಾಟರಿ ನಡೆಸಿ ಹಣ ಕೂಡಿಸಿತು. 1759ರಲ್ಲಿ ಮಾಂಟೆಗ್ಯು ಹೌಸ್ ಎಂಬ ಹಳೆಯ ಬಂಗಲೆಯಲ್ಲಿ ಸಂಗ್ರಹಾಲಯ ತೆರೆಯಿತು. ಒಣಗಿಸಿದ ಗಿಡ, ಚಿಪ್ಪು, ಹಕ್ಕಿ, ನಾಣ್ಯ, ಹಸ್ತಪ್ರತಿ ಎಲ್ಲವೂ ಅಲ್ಲಿ ಒಟ್ಟಿಗೇ ಇದ್ದವು.

ಜಗತ್ತಿನ ಮೂಲೆಮೂಲೆಯಿಂದ ಪ್ರಾಣಿಗಳ ಚರ್ಮ, ಎಲುಬು, ಪಳೆಯುಳಿಕೆಗಳು ಬಂದು ಬೀಳತೊಡಗಿದಾಗ ಜಾಗ ಸಾಲದಾಯಿತು. 1856ರಲ್ಲಿ ನಿಸರ್ಗ ಇತಿಹಾಸ ವಿಭಾಗಗಳ ಮುಖ್ಯಸ್ಥರಾದ ರಿಚರ್ಡ್ ಓವೆನ್ ಪ್ರತ್ಯೇಕ ಕಟ್ಟಡವೇ ಬೇಕೆಂದು ಹಟ ಹಿಡಿದರು. ಡೈನೋಸಾರ್ ಎಂಬ ಹೆಸರನ್ನು ಕೊಟ್ಟವರೂ ಇವರೇ. ವರ್ಷಗಟ್ಟಲೆ ವಾದವಿವಾದ ನಡೆದು ಸೌತ್ ಕೆನ್ಸಿಂಗ್ಟನ್‌ನಲ್ಲಿ ಜಾಗ ಗೊತ್ತಾಯಿತು. 1864ರ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದ ಫ್ರಾನ್ಸಿಸ್ ಫೌಕ್ ಮರುವರ್ಷವೇ ತೀರಿಕೊಂಡರು. ಕೆಲಸ ಆಲ್ಫ್ರೆಡ್ ವಾಟರ್‌ಹೌಸ್ ಕೈಗೆ ಬಂತು. 1873ರಲ್ಲಿ ಆರಂಭವಾದ ಕಟ್ಟಡ 1881ರ ಏಪ್ರಿಲ್ 18ರಂದು ಜನರಿಗೆ ತೆರೆಯಿತು.

ಆ ಕಟ್ಟಡದ ಒಳ-ಹೊರಗೆಲ್ಲ ಸುಟ್ಟ ಮಣ್ಣಿನ ಬಿಲ್ಲೆಗಳಿವೆ. ಕಲ್ಲಿದ್ದಲ ಹೊಗೆಯಿಂದ ಕಪ್ಪಾಗುತ್ತಿದ್ದ ಲಂಡನ್ನಿನಲ್ಲಿ ಮಸಿ ಹಿಡಿದರೂ ತೊಳೆಯಬಹುದು ಎಂಬುದು ಅದರ ಅನುಕೂಲ. ಗೋಡೆ ಕಂಬಗಳ ಮೇಲೆಲ್ಲ ಪ್ರಾಣಿ, ಸಸ್ಯಗಳ ಉಬ್ಬುಶಿಲ್ಪಗಳಿವೆ. ಪಶ್ಚಿಮ ಪಾರ್ಶ್ವದಲ್ಲಿ ಬದುಕಿರುವ ಜೀವಿಗಳು, ಪೂರ್ವ ಪಾರ್ಶ್ವದಲ್ಲಿ ಅಳಿದುಹೋದವು. ಡಾರ್ವಿನ್ನರ ನಿಸರ್ಗ ಆಯ್ಕೆಯ ಸಿದ್ಧಾಂತವನ್ನು ಓವೆನ್ ಒಪ್ಪಿದವರಲ್ಲ. ಡಾರ್ವಿನ್ ಪ್ರಕಾರ ಅಳಿದವಕ್ಕೂ ಉಳಿದವಕ್ಕೂ ವಂಶದ ನಂಟುಂಟು. ಓವೆನ್ನರ ಕಟ್ಟಡದಲ್ಲಿ ಅವೆರಡೂ ಬೇರೆ ಬೇರೆ ಕಡೆ. ಆದರೂ 1885ರಲ್ಲಿ ಡಾರ್ವಿನ್ ಪ್ರತಿಮೆ ಅದೇ ಕಟ್ಟಡದೊಳಗೆ ಬಂದು ಕೂತಿತು.

ಇದಕ್ಕಿಂತ ದೊಡ್ಡ ವಿಭಜನೆ ಇನ್ನೊಂದಿತ್ತು. ಕಲ್ಲು, ಗಿಡ, ಪ್ರಾಣಿಗಳು ಹೊಸ ಮನೆಗೆ ಹೋದವು. ಶಿಲ್ಪ, ನಾಣ್ಯ, ಶಾಸನಗಳು ಹಳೆಯ ಜಾಗದಲ್ಲೇ ಉಳಿದವು. ದೇವರು ಮಾಡಿದ್ದಕ್ಕೆ ಒಂದು ಮನೆ, ಮನುಷ್ಯ ಮಾಡಿದ್ದಕ್ಕೆ ಇನ್ನೊಂದು ಮನೆ ಎಂಬಂತಾಯಿತು. ಜಾಗದ ಕೊರತೆಯಿಂದ ಹುಟ್ಟಿದ ಈ ಏರ್ಪಾಟು ಕ್ರಮೇಣ ಹಲವು ದೇಶಗಳಲ್ಲಿ ಜ್ಞಾನವನ್ನು ಹಂಚುವ ಪದ್ಧತಿಯಾಗಿಯೇ ಬೇರೂರಿತು.

ಕೋಲ್ಕತ್ತ, ಮದ್ರಾಸು, ಬೆಂಗಳೂರು

ಭಾರತದಲ್ಲಿ ಆರಂಭ ಬೇರೆ ರೀತಿಯದು. ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿ 1814ರಲ್ಲಿ ಡೆನ್ಮಾರ್ಕಿನ ಸಸ್ಯವಿಜ್ಞಾನಿ ನಥಾನಿಯೆಲ್ ವಾಲಿಚ್ ಮುತುವರ್ಜಿಯಿಂದ ಸಂಗ್ರಹಾಲಯ ಹುಟ್ಟಿತು. ವಾಲ್ಟರ್ ಗ್ರಾನ್‌ವಿಲ್ ವಿನ್ಯಾಸ ಮಾಡಿದ ಚೌರಂಗಿಯ ಭವ್ಯ ಕಟ್ಟಡ 1878ರಲ್ಲಿ ಜನರಿಗೆ ತೆರೆಯಿತು. ಭಾರ್ಹುತ್ ಸ್ತೂಪದ ಕಲ್ಲಿನ ಕಟಾಂಜನವನ್ನೂ ಪಳೆಯುಳಿಕೆಗಳನ್ನೂ ಒಂದೇ ಅಂಗಳದ ಸುತ್ತ ನೋಡಬಹುದಾದ ಮನೆ ಅದು. ಅದರ ಪ್ರಾಣಿ ವಿಭಾಗದಿಂದಲೇ 1916ರಲ್ಲಿ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆ ಮೈದಾಳಿತು.

ಉತ್ತರ ಕರ್ನಾಟಕದ ಒಂದು ಅಪೂರ್ವ ಪಳೆಯುಳಿಕೆಯ ಕಥೆಯೂ ಕೋಲ್ಕತ್ತದೊಂದಿಗೆ ಹೆಣೆದುಕೊಂಡಿದೆ. 1870ರ ದಶಕದ ಆರಂಭದಲ್ಲಿ ಬ್ರೂಸ್ ಫುಟ್ ಅವರಿಗೆ ಗೋಕಾಕದ ಸಮೀಪ ಘೇಂಡಾಮೃಗದ ಎಲುಬುಗಳು ಸಿಕ್ಕವು. ಇಂದು ಘೇಂಡಾಮೃಗ ನೋಡಲು ಅಸ್ಸಾಮಿನ ಕಡೆ ಹೋಗಬೇಕು. ಒಂದು ಕಾಲಕ್ಕೆ ಅದು ಘಟಪ್ರಭೆಯ ದಂಡೆಯಲ್ಲೂ ಮೇಯುತ್ತಿತ್ತು. 1874ರಲ್ಲಿ ಫುಟ್ ಅದನ್ನು 'ದಖ್ಖನ್ನಿನ ಘೇಂಡಾಮೃಗ' ಎಂಬ ಅರ್ಥದ ಹೆಸರಿಟ್ಟು ಹೊಸ ಪ್ರಭೇದವಾಗಿ ವಿವರಿಸಿದ ವರದಿಯನ್ನು ಭೂವೈಜ್ಞಾನಿಕ ಸರ್ವೇಕ್ಷಣೆ ಕೋಲ್ಕತ್ತದಿಂದ ಪ್ರಕಟಿಸಿತು. ಫುಟ್ ದಕ್ಷಿಣ ಭಾರತದುದ್ದಕ್ಕೂ ಕೂಡಿಹಾಕಿದ ಕಲ್ಲಿನ ಆಯುಧಗಳನ್ನು 1904ರಲ್ಲಿ ಮದ್ರಾಸ್ ಸಂಗ್ರಹಾಲಯ ಕೊಂಡುಕೊಂಡಿತು.

ಆ ಮದ್ರಾಸ್ ಸಂಗ್ರಹಾಲಯವನ್ನು 1851ರಲ್ಲಿ ಕಟ್ಟಿದವರು ಎಡ್ವರ್ಡ್ ಬಾಲ್ಫರ್ ಎಂಬ ಸೇನಾ ವೈದ್ಯರು. ಅದು 1854ರಲ್ಲಿ ಎಗ್ಮೋರಿನ ಪ್ಯಾಂಥಿಯನ್ ಎಂಬ ಹಳೆಯ ಕಟ್ಟಡಕ್ಕೆ ಹೋಯಿತು. ಜೀವಂತ ಹುಲಿ, ಚಿರತೆಗಳನ್ನು ತಂದಿಟ್ಟು ಜನರನ್ನು ಆಕರ್ಷಿಸಿದ ಬಾಲ್ಫರ್ ಪ್ರಯತ್ನದಿಂದ ಮದ್ರಾಸಿನ ಮೃಗಾಲಯವೂ ಹುಟ್ಟಿತು. ಇದೇ ಬಾಲ್ಫರ್ 1865ರಲ್ಲಿ ಬೆಂಗಳೂರಿನಲ್ಲೂ ಸಂಗ್ರಹಾಲಯ ತೆರೆಯಲು ಕಾರಣರಾದರು. ಮೊದಲ ಮನೆ ದಂಡು ಪ್ರದೇಶದ ಹಳೆಯ ಜೈಲು. ಅಲ್ಲಿನ ರಸ್ತೆಗೆ ಮ್ಯೂಸಿಯಂ ರಸ್ತೆ ಎಂಬ ಹೆಸರು ಬಂದದ್ದು ಹೀಗೆ. ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ, ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಕಟ್ಟಡಕ್ಕೆ ಅದು 1877ರಲ್ಲಿ ಬಂತು. ವಿಚಿತ್ರ ವಸ್ತುಗಳನ್ನು ನೋಡಲು ಮುಗಿಬಿದ್ದ ಜನ ಅದನ್ನು 'ತಮಾಷಾ ಬಂಗಲೆ' ಎಂದು ಕರೆದರು. ಕನ್ನಡಿಗರಿಗೆ ಇಂದು ಅದು ಪರಿಚಿತವಾಗಿರುವುದು ಹಲ್ಮಿಡಿ, ಆತಕೂರು ಶಾಸನಗಳ ಮನೆಯಾಗಿ.

ಬಂಗಲೆ, ಜೈಲು, ಕಾಲೇಜು ಹೀಗೆ ಬೇರೆಯವರು ಬಿಟ್ಟುಹೋದ ಕಟ್ಟಡಗಳಲ್ಲೇ ಸಂಗ್ರಹಾಲಯಗಳು ಬಾಲ್ಯ ಕಳೆದಿವೆ ಎಂಬುದು ಗಮನಿಸಬೇಕಾದ ಸಂಗತಿ. ಕಲಬುರಗಿಯ ಮಟ್ಟಿಗೆ ಆ ಕಟ್ಟಡ ಸಮಾಧಿ.

ಗುಮ್ಮಟದೊಳಗಿನ ಸಂಗ್ರಹ

ಕಲಬುರಗಿಯ ಸೇಡಂ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯ ನೆಲೆಗೊಂಡದ್ದು ಬಹಮನಿ ಕಾಲದ ಎರಡು ಗುಮ್ಮಟಗಳಲ್ಲಿ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ ಮೇಲೆ ರಾಜಧಾನಿ ಬೀದರಿಗೆ ಹೋಗುವವರೆಗೂ ಕಲಬುರಗಿಯ ಸುತ್ತ ಗೋರಿಗಳೂ ಮಸೀದಿಗಳೂ ಎದ್ದವು. ಜೇವರ್ಗಿಯ ಆಚೆ ದಂಡೆಯಲ್ಲಿ ಫಿರೋಜ್ ಷಾ ಕಟ್ಟಿಸಿದ ಫಿರೋಜಾಬಾದ್ ಕೋಟೆಯೂ ಆ ಕಾಲದ್ದೇ. ಬಹಮನಿ ಗುಮ್ಮಟವೆಂದರೆ ಚೌಕ ಕೋಣೆ, ದಪ್ಪ ಗೋಡೆ, ಕೆಲವೇ ಬಾಗಿಲು, ಮೇಲೆ ಅರ್ಧಗೋಳ. ದಪ್ಪ ಗೋಡೆಯಿಂದಾಗಿ ಹೊರಗಿನ ಬಿಸಿಲು ಒಳಗೆ ನಿಧಾನವಾಗಿ ಇಳಿಯುತ್ತದೆ. ಕಲ್ಲಿನ ಮೂರ್ತಿಗಳಿಗೆ ಇದು ಒಳ್ಳೆಯದೇ. ಆದರೆ ಸಮಾಧಿಯ ಕೋಣೆಯನ್ನು ಬೇಕೆಂದಾಗ ವಿಸ್ತರಿಸಲಾಗದು, ಗೋಡೆ ಕೊರೆದು ಕಿಟಕಿ ತೆಗೆಯಲಾಗದು. ಕಟ್ಟಡವೇ ಸಂರಕ್ಷಿಸಬೇಕಾದ ಸ್ಮಾರಕವಾಗಿರುವಾಗ ಸಂಗ್ರಹ ಅದಕ್ಕೆ ಹೊಂದಿಕೊಳ್ಳಬೇಕಾಗುತ್ತದೆ.

ಅಲ್ಲಿರುವ ವಸ್ತುಗಳಲ್ಲಿ ಸನ್ನತಿಯ ಬೌದ್ಧ ಶಿಲ್ಪಗಳಿಗೆ ವಿಶೇಷ ಸ್ಥಾನ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಇರುವುದು ಜೇವರ್ಗಿಯಿಂದ ಹೊಳೆಗುಂಟ ಕೆಳಗೆ. 1986ರಲ್ಲಿ ಅಲ್ಲಿನ ಚಂದ್ರಲಾಂಬೆ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನವಿತ್ತು. ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ಕೆಲವು ವರ್ಷ ನಡೆದ ಉತ್ಖನನದಲ್ಲಿ ಮಹಾಸ್ತೂಪವೊಂದರ ಅವಶೇಷಗಳು ಹೊರಬಂದವು. ಅವುಗಳಲ್ಲಿ ಒಂದು ಫಲಕದ ಮೇಲೆ ರಾಜ, ರಾಣಿ, ಪರಿವಾರದ ಚಿತ್ರ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂಬ ಬರಹ. ಅಶೋಕನದೇ ಎಂದು ಹೆಸರು ಬರೆದಿರುವ ಇಂಥ ಉಬ್ಬುಶಿಲ್ಪ ಬೇರೆಲ್ಲೂ ಸಿಕ್ಕಿರಲಿಲ್ಲ.

ಇಷ್ಟಾದರೂ ಆ ಶಿಲ್ಪಗಳಲ್ಲಿ ಬಹುಪಾಲು ಸುಮಾರು ಎರಡು ದಶಕ ಸರಿಯಾದ ಮನೆಯಿಲ್ಲದೆ ಕಳೆದವು. ಭಾರತೀಯ ಪುರಾತತ್ವ ಸರ್ವೇಕ್ಷಣೆ ಸ್ತೂಪದ ಸಂರಕ್ಷಣೆಯ ಕೆಲಸವನ್ನು ಕೈಗೆತ್ತಿಕೊಂಡದ್ದು 2022ರ ಸುಮಾರಿಗೆ. ಸುಣ್ಣಕಲ್ಲಿಗೆ ಮನೆ ಬೇಕೆನ್ನುವುದಕ್ಕೆ ನೈಸರ್ಗಿಕ ಕಾರಣವೇ ಇದೆ. ಗಾಳಿಯ ಇಂಗಾಲಾಮ್ಲವನ್ನು ಹೀರಿದ ಮಳೆನೀರು ತುಸು ಹುಳಿಯಾಗಿರುತ್ತದೆ. ಅದು ಸುಣ್ಣಕಲ್ಲನ್ನು ಹನಿ ಹನಿಯಾಗಿ ಕರಗಿಸುತ್ತದೆ. ಹಗಲಿನ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಪದರಗಳು ಬಿರಿಯುತ್ತವೆ. ನೆಲಕ್ಕೆ ಹಾಸಲು ಅನುಕೂಲವಾದ ಪದರಗಳೇ ಶಿಲ್ಪಕ್ಕೆ ಶತ್ರು. ಶಿಲ್ಪವನ್ನು ಉಳಿಸಬೇಕಾದವರು ಬಂಡೆಯ ಗುಣವನ್ನು ಬಲ್ಲವರಾಗಿರಬೇಕು. ಬೇರೆ ಬೇರೆ ಮನೆಗಳಿಗೆ ಹಂಚಿಹೋದ ವಿದ್ಯೆಗಳು ಇಲ್ಲಿ ಒಟ್ಟಿಗೆ ಬರಲೇಬೇಕಾಗುತ್ತದೆ.

ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರವೂ ಇದನ್ನೇ ಹೇಳುತ್ತದೆ. 2009ರ ಕೊನೆಯವರೆಗೆ ಅದೂ ಕಲಬುರಗಿ ಜಿಲ್ಲೆಗೇ ಸೇರಿತ್ತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಅಲ್ಲಿ ಉತ್ಖನನ ನಡೆಸಿದರು. ಎರೆಮಣ್ಣಿನ ಕೆಳಗೆ ಆದಿಮಾನವರ ಕಲ್ಲುಗಣಿ ಹಾಗೂ ಕಾರ್ಖಾನೆ ಕಾಣಿಸಿತು. ಸಿಲಿಕಾ ಸೇರಿ ಗಡುಸಾದ ಸುಣ್ಣಕಲ್ಲಿನ ಚಪ್ಪಡಿ, ಅರ್ಧ ಕೆತ್ತಿ ಬಿಟ್ಟ ಕೊಡಲಿ, ಚಕ್ಕೆಗಳು ಇದ್ದಲ್ಲೇ ಇದ್ದವು. ಅದರ ಕಾಲ ಸುಮಾರು ಹನ್ನೆರಡು ಲಕ್ಷ ವರ್ಷ ಎಂದು ತಿಳಿದದ್ದು ಕಲ್ಲಿನಿಂದಲ್ಲ, ಜೊತೆಯಲ್ಲಿ ಸಿಕ್ಕ ಹುಲ್ಲು ಮೇಯುವ ಪ್ರಾಣಿಗಳ ಹಲ್ಲುಗಳಿಂದ. ಹಲ್ಲನ್ನು ಪ್ರಾಣಿಶಾಸ್ತ್ರದ ಮನೆಗೂ ಕೊಡಲಿಯನ್ನು ಪುರಾತತ್ವದ ಮನೆಗೂ ಕಳುಹಿಸಿ ಸುಮ್ಮನಾಗಿದ್ದರೆ ಆ ಕಾಲನಿರ್ಣಯವೇ ಆಗುತ್ತಿರಲಿಲ್ಲ.

ಬಾಡಿಗೆ ಮನೆಯ ಬೆಂಕಿ

ಸ್ವತಂತ್ರ ಭಾರತ ನಿಸರ್ಗ ಇತಿಹಾಸಕ್ಕೆಂದೇ ರಾಷ್ಟ್ರೀಯ ಸಂಗ್ರಹಾಲಯವೊಂದನ್ನು ಕಟ್ಟಲು ಯೋಚಿಸಿದ್ದು 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬದ ಸಂದರ್ಭದಲ್ಲಿ. 1978ರ ಜೂನ್ 5ರ ವಿಶ್ವ ಪರಿಸರ ದಿನದಂದು ಅದು ದೆಹಲಿಯಲ್ಲಿ ಬಾಗಿಲು ತೆರೆಯಿತು. ಆದರೆ ಸ್ವಂತ ಕಟ್ಟಡವಿರಲಿಲ್ಲ. ಮಂಡಿ ಹೌಸ್ ಬಳಿ ವಾಣಿಜ್ಯೋದ್ಯಮ ಮಂಡಳಗಳ ಒಕ್ಕೂಟದ ಕಟ್ಟಡದಲ್ಲಿ ಬಾಡಿಗೆಗಿತ್ತು. 2016ರ ಏಪ್ರಿಲ್ 26ರ ನಸುಕಿನಲ್ಲಿ ಅಲ್ಲಿ ಬೆಂಕಿ ಬಿದ್ದು ಸಂಗ್ರಹಾಲಯ ಸುಟ್ಟುಹೋಯಿತು. ಎರಡು ವರ್ಷದ ನಂತರ, 2018ರ ಸೆಪ್ಟೆಂಬರ್ 2ರ ರಾತ್ರಿ, ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದ ರಾಷ್ಟ್ರೀಯ ಸಂಗ್ರಹಾಲಯವೂ ಬೆಂಕಿಗೆ ಆಹುತಿಯಾಯಿತು. ಅಲ್ಲಿದ್ದ ಸುಮಾರು ಎರಡು ಕೋಟಿ ವಸ್ತುಗಳಲ್ಲಿ ಬಹುಭಾಗ ಬೂದಿಯಾಯಿತು. ಅದು ಹಿಂದೆ ರಾಜಮನೆತನದವರ ಅರಮನೆ. ಸಂಗ್ರಹಕ್ಕೆ ತಕ್ಕ ಮನೆ ಇಲ್ಲದಿದ್ದರೆ, ಇದ್ದ ಮನೆಯ ನಿಗಾ ತಪ್ಪಿದರೆ, ಶತಮಾನಗಳ ಶ್ರಮ ಒಂದು ರಾತ್ರಿಯಲ್ಲಿ ಹೋಗುತ್ತದೆ ಎಂಬುದಕ್ಕೆ ಇವೆರಡು ನಿದರ್ಶನಗಳು.

ಕರ್ನಾಟಕದ ಪಾಲಿಗೆ ಸಮಾಧಾನದ ವಿಷಯವೆಂದರೆ, ಅದೇ ರಾಷ್ಟ್ರೀಯ ಸಂಗ್ರಹಾಲಯದ ಪ್ರಾದೇಶಿಕ ಶಾಖೆ 1995ರಲ್ಲಿ ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ ಸ್ವಂತ ಕಟ್ಟಡದಲ್ಲಿ ಆರಂಭವಾದದ್ದು. ದಕ್ಷಿಣ ಭಾರತದ ಕಾಡು, ಜೀವಿ, ಕಲ್ಲುಗಳನ್ನು ಮಕ್ಕಳು ಅಲ್ಲಿ ಕಂಡು ತಿಳಿಯಬಹುದು. ಆದರೆ ಆಳಂದದ ಮಗುವಿಗೆ ಮೈಸೂರು ಸುಮಾರು 700 ಕಿ.ಮೀ. ದೂರ. ಕಲಬುರಗಿಯಲ್ಲಿ 1984ರಲ್ಲಿ ಆರಂಭವಾದ ಜಿಲ್ಲಾ ವಿಜ್ಞಾನ ಕೇಂದ್ರ ಮಕ್ಕಳಿಗೆ ವಿಜ್ಞಾನದ ತತ್ವಗಳನ್ನು ಆಟದಂತೆ ತೋರಿಸುತ್ತದೆ. ಗುಮ್ಮಟದ ಸಂಗ್ರಹಾಲಯ ಇತಿಹಾಸವನ್ನು ತೋರಿಸುತ್ತದೆ. ಒಂದು ವಿಜ್ಞಾನದ್ದು, ಇನ್ನೊಂದು ಚರಿತ್ರೆಯದು. 1881ರಲ್ಲಿ ಲಂಡನ್ನಿನಲ್ಲಿ ಎದ್ದ ಗೋಡೆಯ ನೆರಳು ಕಲಬುರಗಿಯವರೆಗೂ ಬಂದಿದೆ ಎನ್ನಬಹುದು.

ಚೀಟಿಯೊಂದು ಸಾಕು

ಸಂಗ್ರಹಾಲಯ ಎಂದ ಕೂಡಲೇ ಕೋಟಿಗಟ್ಟಲೆ ಹಣ, ದೊಡ್ಡ ಕಟ್ಟಡ ಕಣ್ಣ ಮುಂದೆ ಬರುತ್ತವೆ. ಆದರೆ ಸಂಗ್ರಹಾಲಯದ ಜೀವ ಇರುವುದು ಚೀಟಿಯಲ್ಲಿ. ಯಾವ ಊರು, ಯಾವ ಹೊಲ, ಎಷ್ಟು ಆಳ, ಯಾವ ದಿನ ಎಂದು ಬರೆದ ಚೀಟಿ ಜೊತೆಗಿದ್ದರೆ ಕಲ್ಲಿನ ತುಂಡೂ ಸಾಕ್ಷಿಯಾಗುತ್ತದೆ. ಚೀಟಿ ಕಳೆದರೆ ಅದು ಮತ್ತೆ ಬರಿ ಕಲ್ಲು. ಟೇಲರ್ ಜೇವರ್ಗಿಯಲ್ಲಿ ಮಾಡಿದ್ದು ಮುಖ್ಯವಾಗಿ ಇದನ್ನೇ. ಕಂಡದ್ದನ್ನು ಕಂಡ ಜಾಗದ ಸಮೇತ ಬರೆದಿಟ್ಟರು. ಅವರ ಊಹೆಗಳು ಬಿದ್ದುಹೋದ ಮೇಲೂ ಅವರ ಕೆಲಸ ಉಳಿದದ್ದು ಅದರಿಂದ.

ಈ ಕೆಲಸಕ್ಕೆ ಕಾಲ ಕಾಯುವುದಿಲ್ಲ. ದಖ್ಖನ್ನಿನ ಎಲ್ಲೆಡೆ ಕಲ್ಲು ವೃತ್ತಗಳು ಉಳುಮೆಗೆ, ರಸ್ತೆಗೆ, ಕಟ್ಟಡಕ್ಕೆ ಆಹುತಿಯಾಗುತ್ತಿವೆ. ಟ್ರ್ಯಾಕ್ಟರಿಗೆ ಅಡ್ಡ ಬರುವ ಗುಂಡನ್ನು ಬದುವಿಗೆ ಉರುಳಿಸುವ ರೈತನನ್ನು ದೂರುವಂತಿಲ್ಲ. ಅದು ಮೂರು ಸಾವಿರ ವರ್ಷದ ಹಿಂದಿನ ಸಮಾಧಿಯ ಕಲ್ಲಿರಬಹುದು ಎಂದು ಆತನಿಗೆ ಯಾರೂ ಹೇಳಿಲ್ಲ. ಹೊಳೆಯೂ ಸುಮ್ಮನಿರುವುದಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳು ನೀರಿನಲ್ಲಿ ನಿಂತದ್ದನ್ನು ಜನ ಮರೆತಿಲ್ಲ. ಅಂಥ ಪ್ರತಿ ನೆರೆಯೂ ದಂಡೆಯ ಮಣ್ಣನ್ನು ಕೊರೆದು ಒಳಗಿನದನ್ನು ಹೊರಗೆ ಹಾಕುತ್ತದೆ, ಹೊರಗಿನದನ್ನು ಕೊಚ್ಚಿ ಒಯ್ಯುತ್ತದೆ.

ಆಳಂದದ ಒಂದು ಹಿಡಿ ಎರೆಮಣ್ಣು ಮತ್ತು ಅದರ ಕೆಳಗಿನ ಕರಿಕಲ್ಲು, ಗಾಣಗಾಪುರದ ಸಂಗಮದ ಮರಳು-ಗುಂಡು, ಜೇವರ್ಗಿಯ ಸಮಾಧಿಗಳ ಟೇಲರ್ ಚಿತ್ರದ ಪ್ರತಿ, ಇಸಾಂಪುರದ ಕೊಡಲಿಯ ಮತ್ತು ಕನಗನಹಳ್ಳಿಯ ಅಶೋಕನ ಫೋಟೊ, ಕೊನೆಗೊಂದು ತುಂಡು ಫರಸಿ. ತಾಲ್ಲೂಕಿನ ಯಾವುದಾದರೂ ಶಾಲೆಯ ಒಂದು ಕಪಾಟಿಗೆ ಇಷ್ಟು ಹಿಡಿಸುತ್ತದೆ. ಶಾಸನ, ಮೂರ್ತಿಗಳಂಥ ಪುರಾತನ ವಸ್ತು ಸಿಕ್ಕರೆ ಮುಟ್ಟದೆ ಇಲಾಖೆಗೆ ತಿಳಿಸಬೇಕು. ಅದು ಕಾನೂನು. ಆದರೆ ನೆಲದ ಕಲ್ಲು, ಮಣ್ಣು, ಚಿತ್ರಗಳನ್ನು ಜೋಡಿಸಿ, ಪ್ರತಿಯೊಂದಕ್ಕೂ ಚೀಟಿ ಬರೆಯುವುದಕ್ಕೆ ಮೇಷ್ಟ್ರೂ ಮಕ್ಕಳೂ ಮನಸ್ಸು ಮಾಡಿದರೆ ಸಾಕು.

ಸ್ಲೋನ್ ಸಂಗ್ರಹವೂ ಮೊದಲು ಒಬ್ಬ ವೈದ್ಯರ ಮನೆಯ ಕಪಾಟುಗಳಲ್ಲೇ ಇತ್ತು. ಬೆಂಗಳೂರಿನದು ಜೈಲಿನಲ್ಲಿ ಶುರುವಾಯಿತು. ಭೀಮೆಯ ಕಲ್ಲಿನ ಮೊದಲ ಮನೆ ಜೇವರ್ಗಿಯದೋ ಅಫಜಲಪುರದ್ದೋ ಒಂದು ಶಾಲೆಯ ಕೋಣೆಯಾದರೆ ಅದರಲ್ಲಿ ಕೊರತೆಯೇನೂ ಇಲ್ಲ. ಆ ಕೋಣೆಯ ನೆಲಕ್ಕೆ ಹಾಸಿರುವ ಫರಸಿಯ ಪಕ್ಕದಲ್ಲೇ ಮೊದಲ ಚೀಟಿ ಅಂಟಿಸಬಹುದು.